ಮುಷ್ಕರದ ಚಿತ್ರಕ್ಕೆ ‘ತಾಂತ್ರಿಕ ಕಾರಣ’ದ ಬೀಗ

ಮಾನ್ಯ ಸಂಪಾದಕರೇ,

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮುಷ್ಕರ ಕುರಿತ ಭಾನುವಾರದ ಸಾಕ್ಷ್ಯಚಿತ್ರ ಪ್ರದರ್ಶನ ‘ತಾಂತ್ರಿಕ ಕಾರಣದಿಂದ’ ಮುಂದಕ್ಕೆ ಹೋಯಿತೆಂದು ನಿಮ್ಮ ಪತ್ರಿಕೆಯಲ್ಲಿ ಓದಿ ನಗು ಬಂತು. ಯಾವ ತಂತ್ರ ಕೆಟ್ಟಿತ್ತು? ಪ್ರೊಜೆಕ್ಟರ್ ಉರಿಯುತ್ತಲೇ ಇತ್ತು. ಪರದೆಯ ಮೇಲೆ ನೀಲಿ ಬೆಳಕು, ಅದರಲ್ಲೊಂದು ಪತಂಗ ಹರಿದಾಡುತ್ತಿತ್ತು. ನಾವು ನೋಡಿದ ಸಿನಿಮಾ ಅಷ್ಟೇ. ಆಮೇಲೆ ಬಂದ ಅಧಿಕಾರಿಗಳು ‘ಸೆನ್ಸಾರ್ ಸರ್ಟಿಫಿಕೇಟ್ ಎಲ್ಲಿ?’ ಎಂದರು, ದೀಪ ಆರಿಸಿ ಬೀಗ ಜಡಿದರು. ಹೋದ ತಿಂಗಳು ಇದೇ ಸಭಾಂಗಣದಲ್ಲಿ ಮುಖಂಡರೊಬ್ಬರ ಹುಟ್ಟುಹಬ್ಬದ ಚಿತ್ರವನ್ನು ರಾತ್ರಿ 11ರವರೆಗೆ ಕಿವಿ ಹರಿಯುವಂತೆ ತೋರಿಸಿದರಲ್ಲ, ಅದಕ್ಕೆ ಯಾವ ಸರ್ಟಿಫಿಕೇಟ್ ಇತ್ತೋ!

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತಮ್ಮ ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯಲು ಮಿತಿ ಹಾಕಿದ ಹೊಸ ನಿಯಮದ ವಿರುದ್ಧ ಬೀದಿಗಿಳಿದದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿದೆ. ಕೇಂದ್ರ ಸರ್ಕಾರವೇ ಆ ನಿಯಮವನ್ನು ಹಿಂಪಡೆಯಿತು. ಹಿಂಪಡೆದ ನಿಯಮದ ಕಥೆಯನ್ನು 70 ಪ್ಲಾಸ್ಟಿಕ್ ಕುರ್ಚಿಗಳ ಮುಂದೆ ತೋರಿಸಿದರೆ ಯಾರ ಮಾನ ಹೋಗುತ್ತಿತ್ತು? 1934ರಲ್ಲಿ ಹಿಂದಿ ಲೇಖಕ ಪ್ರೇಮಚಂದರು ಕಥೆ ಬರೆದ ಗಿರಣಿ ಕಾರ್ಮಿಕರ ಚಿತ್ರವನ್ನು ಬೊಂಬಾಯಿಯಲ್ಲಿ ತಡೆದಿದ್ದರು. ಆಗ ಬ್ರಿಟಿಷರಿದ್ದರು ಎನ್ನೋಣ. ಈಗ ಯಾರಿದ್ದಾರೆ?

ನನ್ನ ಸೊಸೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ ಒಗೆಯುವ ಬಟ್ಟೆಯನ್ನು ಬಕೆಟ್‌ನಲ್ಲೇ ಬಿಟ್ಟು ಬಂದಿದ್ದಳು. ಮಂಡಿನೋವಿನ ನಾನು ಎರಡು ಬಸ್ ಬದಲಿಸಿ ಬಂದಿದ್ದೆ. ವಾಪಸು ಹೋಗುವಾಗ ಬಸ್ ಇಲ್ಲ, ಮಳೆ ಬೇರೆ. ಆಟೋದವನು 150 ರೂಪಾಯಿ ಕಿತ್ತುಕೊಂಡ. ಸಭಾಂಗಣದ ಓಣಿಯಲ್ಲಿ ಬೀದಿದೀಪವಿಲ್ಲ, ನನ್ನ ಒಂದು ಚಪ್ಪಲಿ ಚರಂಡಿ ಪಾಲಾಯಿತು. ಆ ದೀಪಕ್ಕಾಗಿ ಕೊಟ್ಟ ಅರ್ಜಿಗಳು ನಾಲ್ಕು, ಬಂದ ಉತ್ತರ ಒಂದೂ ಇಲ್ಲ.

ಗಿರಣಿ ಮುಚ್ಚಿದ ಮೇಲೆ ಗ್ರಾಚ್ಯುಟಿಗಾಗಿ ನಾನು 11 ವರ್ಷ ಕಚೇರಿ ಅಲೆದಿದ್ದೇನೆ. ಯಾವಾಗ ಹೋದರೂ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಕಾರ್ಮಿಕರ ಸಿನಿಮಾ ನಿಲ್ಲಿಸುವುದಕ್ಕೆ ಮಾತ್ರ ಸಾಹೇಬರುಗಳು ಭಾನುವಾರ ಸಂಜೆ 6ಕ್ಕೆ ಜೀಪು ಸಮೇತ ಹಾಜರು. ಇಂಥ ಚುರುಕು ಇವರಿಗೆ ಉಂಟೆಂದು ಗೊತ್ತಿದ್ದರೆ ಗ್ರಾಚ್ಯುಟಿ ಅರ್ಜಿಯ ಮೇಲೂ ‘ಸಿನಿಮಾ’ ಎಂದೇ ಬರೆಯುತ್ತಿದ್ದೆ.

ಸಂಬಂಧಪಟ್ಟವರು ಕೂಡಲೇ ಚಿತ್ರ ತೋರಿಸಲು ಬಿಡಲಿ. ಇಲ್ಲವೇ ನಾವು ಯಾವ ಯಾವ ಮುಷ್ಕರ ನೋಡಬಹುದೆಂಬ ಪಟ್ಟಿಯನ್ನಾದರೂ ಆ ಬಾಗಿಲಿಗೆ ಅಂಟಿಸಲಿ. ಓದುವುದಕ್ಕೆ ಓಣಿಗೊಂದು ದೀಪವನ್ನೂ ಹಾಕಿಸಲಿ. ಅದೂ ಆಗದಿದ್ದರೆ ನನ್ನ 150 ರೂಪಾಯಿ ಕೊಡಲಿ, ಚಪ್ಪಲಿಯ ಲೆಕ್ಕ ಬೇರೆ.

– ನಿವೃತ್ತ ಗಿರಣಿ ಕಾರ್ಮಿಕ, ದಾವಣಗೆರೆ