ಅಲಿಯನ್ನು ಆ ಒಂದು ರಾತ್ರಿಯಿಂದ ಅಳೆಯಬೇಡ

ಪುಣೆ

ಪ್ರೀತಿಯ ಗೆಳೆಯಾ,

ನಿನ್ನ ಪಟ್ಟಿ ಓದಿದೆ. ವಯಸ್ಸಾದ ಮೇಲೂ ಚೆನ್ನಾಗಿ ಆಡಿದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರಲ್ಲಿ ಜಾರ್ಜ್ ಫೋರ್‌ಮನ್‌ಗೆ ಮೊದಲ ಜಾಗ, ಮೊಹಮ್ಮದ್ ಅಲಿಗೆ ಕೊನೆಯದು. ಫೋರ್‌ಮನ್ ಬಗ್ಗೆ ನನ್ನ ತಕರಾರಿಲ್ಲ. ಅಲಿಯ ಬಗ್ಗೆ ಇದೆ, ಜಾಸ್ತಿನೇ ಇದೆ.

ಇಲ್ಲಿ ಖಡಕಿಯಲ್ಲಿ ಬೆಳಗಾವಿ ಕಡೆಯ ಹಿರಿಯರೊಬ್ಬರಿದ್ದಾರೆ. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದವರು, ಪಲ್ಟನ್ ಪರವಾಗಿ ಬಾಕ್ಸಿಂಗ್ ಆಡಿದವರು. ಕನ್ನಡ ಮಾತಾಡೋಕೆ ಸಿಕ್ಕಿದೆ ಅಂತ ಶುರುವಾದ ಪರಿಚಯ, ಈಗ ಪೂರ್ತಿ ಬಾಕ್ಸಿಂಗ್ ಮಾತೇ. ಬಾಕ್ಸರ್‌ಗೆ ವಯಸ್ಸು ಮೈಗೆಲ್ಲ ಒಟ್ಟಿಗೆ ಬರಲ್ಲ ಅಂತಾರೆ ಅವರು. ಮೊದಲು ಕಾಲು ಹೋಗುತ್ತದೆ. ಆಮೇಲೆ ಬರುವ ಏಟನ್ನು ಕಂಡು ತಕ್ಷಣ ತಪ್ಪಿಸಿಕೊಳ್ಳುವ ಚುರುಕು ಹೋಗುತ್ತದೆ. ಕೈಯ ಭಾರ ಮಾತ್ರ ಕೊನೆಯವರೆಗೂ ಇರುತ್ತದೆ.

ಇದನ್ನಿಟ್ಟುಕೊಂಡು ನಿನ್ನ ಪಟ್ಟಿಯನ್ನೇ ಇನ್ನೊಮ್ಮೆ ನೋಡು. ಅಲಿಯ ಬಂಡವಾಳವೆಲ್ಲ ಕಾಲು ಮತ್ತು ಕಣ್ಣು. ಕೈ ಕೆಳಗಿಟ್ಟುಕೊಂಡು, ತಲೆ ಹಿಂದಕ್ಕೆ ಎಳೆದು ಏಟು ತಪ್ಪಿಸುತ್ತಿದ್ದ. ಇಪ್ಪತ್ತೈದರಲ್ಲಿ ಅದು ಚಂದ, ಮೂವತ್ತೆಂಟರಲ್ಲಿ ಅಪಾಯ. ಫೋರ್‌ಮನ್‌ನ ಬಂಡವಾಳ ಪಂಚ್. 1977ರಲ್ಲಿ ಬಿಟ್ಟುಹೋದವನು ಹತ್ತು ವರ್ಷ ಬಿಟ್ಟು ಬಂದಾಗ ಮೊದಲಿಗಿಂತ ನಿಧಾನವಾಗಿದ್ದ, ಆದರೆ ಆ ಬಲಗೈ ಹಾಗೇ ಇತ್ತು. 1994ರಲ್ಲಿ, 45ರ ವಯಸ್ಸಿನಲ್ಲಿ, ಮೈಕೆಲ್ ಮೂರರ್ ಎದುರು ಮೂವರೂ ಜಡ್ಜ್‌ಗಳ ಲೆಕ್ಕದಲ್ಲಿ ಹಿಂದಿದ್ದ. ಹತ್ತನೇ ರೌಂಡಿನಲ್ಲಿ ಬಲಗೈ ಒಮ್ಮೆ ಸರಿಯಾಗಿ ತಾಗಿತು, ಮುಗಿಯಿತು. 1974ರಲ್ಲಿ ಕಿನ್ಷಾಸಾದಲ್ಲಿ ಅಲಿ ಕೈಲಿ ಸೋತಾಗ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿದ್ದ, ಗೊತ್ತಲ್ವಾ? ಲ್ಯಾರಿ ಹೋಮ್ಸ್ ಕೂಡ ಹೀಗೇ ಉಳಿದುಕೊಂಡ. ಅವನ ಬಂಡವಾಳ ಎಡಗೈಯ ಜ್ಯಾಬ್, ಅಂದರೆ ಕೈ ನೇರ ಚಾಚಿ ಚುಟುಕಾಗಿ ಕೊಡುವ ಏಟು. 1992ರಲ್ಲಿ, 42 ವರ್ಷವಾಗಿದ್ದಾಗ, ಅಲ್ಲಿಯವರೆಗೆ ಸೋಲೇ ಕಾಣದ ರೇ ಮರ್ಸರ್‌ನನ್ನು ಆ ಜ್ಯಾಬ್ ನಂಬಿಕೊಂಡೇ ಸೋಲಿಸಿದ.

ಇನ್ನು 1980ರ ಅಕ್ಟೋಬರ್‌ನ ಆ ರಾತ್ರಿ. ಲಾಸ್ ವೇಗಸ್, ಎದುರಿಗೆ ಅದೇ ಹೋಮ್ಸ್, ಒಂದು ಕಾಲದಲ್ಲಿ ಅಲಿಯ ಜೊತೆಗೇ ಸ್ಪಾರಿಂಗ್, ಅಂದರೆ ಅಭ್ಯಾಸದ ಆಟ, ಆಡಿದ ಹುಡುಗ. ನೀನು ಅಲಿಗೆ ಅಂಕ ಕೊಟ್ಟಿರೋದು ಇದೊಂದನ್ನೇ ನೋಡಿ. ಅಲಿ ತೆಳ್ಳಗೆ ಕಾಣುತ್ತಿದ್ದ, ಕೂದಲು ಕಪ್ಪಾಗಿತ್ತು, ಜನ ಹಳೇ ಅಲಿ ಬಂದ ಅಂದುಕೊಂಡರು. ಒಳಗೆ ಏನೂ ಉಳಿದಿರಲಿಲ್ಲ. ಥೈರಾಯ್ಡ್ ಮಾತ್ರೆ ನುಂಗಿ ತೂಕ ಇಳಿಸಿದ್ದ, ಅದು ಮೈಯ ಶಕ್ತಿಯನ್ನೇ ಹೀರಿತ್ತು. ಮೂವರು ಜಡ್ಜ್‌ಗಳೂ ಒಂದು ರೌಂಡನ್ನೂ ಅಲಿಗೆ ಕೊಡಲಿಲ್ಲ. ಹತ್ತು ರೌಂಡ್ ಆದಮೇಲೆ ಅಲಿಯ ಕೋಚ್ ಏಂಜೆಲೋ ಡಂಡಿ ಸಾಕು ಅಂದ. ಅದು ಆಟವೇ ಅಲ್ಲ ಕಣೋ. ಅವನನ್ನು ರಿಂಗಿಗೆ ಹತ್ತಿಸಿದ್ದೇ ತಪ್ಪು. ಕಾಯಿಲೆಯವನ ಮೈಯನ್ನು ಫೋರ್‌ಮನ್‌ನ ಗೆಲುವಿನ ಪಕ್ಕ ಇಟ್ಟು ತೂಗೋದು ನನಗೆ ಒಪ್ಪಿಗೆಯಿಲ್ಲ. ಅದೇ ವರ್ಷದ ಜನವರಿಯಲ್ಲಿ ಅಲಿ ದಿಲ್ಲಿಗೆ ಬಂದು ನಮ್ಮ ಫೌಜಿನ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದ. ಆ ಸುದ್ದಿ ಹೇಳುವಾಗ ಖಡಕಿಯ ಹಿರಿಯರ ಮುಖ ಈಗಲೂ ಅರಳುತ್ತದೆ.

ವಯಸ್ಸಾದ ಅಲಿಯನ್ನು ಅಳೆಯಬೇಕಾದರೆ 1978ರ ಸೆಪ್ಟೆಂಬರ್ ತಗೋ. ಅದೇ ಫೆಬ್ರವರಿಯಲ್ಲಿ, ವೃತ್ತಿಪರನಾಗಿ ಏಳೇ ಪಂದ್ಯ ಆಡಿದ್ದ ಲಿಯಾನ್ ಸ್ಪಿಂಕ್ಸ್ ಕೈಲಿ ಸೋತಿದ್ದ. ಏಳು ತಿಂಗಳಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹದಿನೈದು ರೌಂಡ್ ಆಡಿ ಪಟ್ಟ ವಾಪಸ್ ತಗೊಂಡ. 36 ವರ್ಷ ಅವನಿಗೆ. ಹೆವಿವೇಟ್ ಪಟ್ಟವನ್ನು ಮೂರನೇ ಸಲ ಗೆದ್ದ ಮೊದಲಿಗ ಅವನೇ.

ಹದಿನೈದು ರೌಂಡ್ ಅಂದೆನಲ್ಲ, ನಿನ್ನ ಪಟ್ಟಿಯಲ್ಲಿ ಹೆಸರೇ ಇಲ್ಲದ ಒಬ್ಬನ ಬಗ್ಗೆ ಹೇಳಲೇಬೇಕು. ಜೆರ್ಸಿ ಜೋ ವಾಲ್ಕಾಟ್. ನಾಲ್ಕು ಸಲ ಪಟ್ಟಕ್ಕೆ ಆಡಿ ಸೋತು, ಐದನೇ ಸಲ, 1951ರಲ್ಲಿ, 37ನೇ ವಯಸ್ಸಿನಲ್ಲಿ ಗೆದ್ದವನು. ಮರುವರ್ಷ ಫಿಲಡೆಲ್ಫಿಯಾದಲ್ಲಿ ರಾಕಿ ಮಾರ್ಸಿಯಾನೋ ಎದುರು ನಿಂತಾಗ 38, ಹೋಮ್ಸ್ ಎದುರಿನ ಅಲಿಯಷ್ಟೇ ವಯಸ್ಸು. ಮೊದಲ ರೌಂಡಿನಲ್ಲೇ ಮಾರ್ಸಿಯಾನೋನನ್ನು ನೆಲಕ್ಕೆ ಕೆಡವಿದ. ಅವನು ಹಾಗೆ ಬಿದ್ದದ್ದು ಅದೇ ಮೊದಲು. ಹನ್ನೆರಡು ರೌಂಡ್ ಮುಗಿದಾಗ ಮೂವರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದ. ಹದಿಮೂರನೆಯದರಲ್ಲಿ ಮಾರ್ಸಿಯಾನೋನ ಒಂದೇ ಬಲಗೈ ಏಟಿಗೆ ಬಿದ್ದು ಸೋತ. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಪಂದ್ಯದ ಏಟಿನಿಂದ ತೀರಿಕೊಂಡ ಮೇಲೆ ಪಟ್ಟದ ಪಂದ್ಯಗಳು ಹದಿನೈದರಿಂದ ಹನ್ನೆರಡು ರೌಂಡಿಗೆ ಇಳಿದವು. ಇವತ್ತಿನ ನಿಯಮವಿದ್ದಿದ್ದರೆ ಆ ರಾತ್ರಿ ವಾಲ್ಕಾಟ್ ಚಾಂಪಿಯನ್ ಆಗಿಯೇ ಮನೆಗೆ ಹೋಗುತ್ತಿದ್ದ! ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಈ ಮೂರು ರೌಂಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ದುಡ್ಡನ್ನೂ ಹಿಡಿಯಲ್ಲ. ಜೋ ಲೂಯಿಸ್ 1949ರಲ್ಲಿ ಚಾಂಪಿಯನ್ ಆಗಿಯೇ ನಿವೃತ್ತನಾಗಿದ್ದ. ತೆರಿಗೆ ಸಾಲ ಕುತ್ತಿಗೆಗೆ ಬಂದು ಮತ್ತೆ ರಿಂಗಿಗೆ ಹತ್ತಿದ, 37ರಲ್ಲಿ ಮಾರ್ಸಿಯಾನೋ ಅವನನ್ನು ಎಂಟನೇ ರೌಂಡಿನಲ್ಲಿ ಹಗ್ಗದಾಚೆ ಬೀಳಿಸಿದ. ಲೆನಾಕ್ಸ್ ಲೂಯಿಸ್ ಅದೇ 37ರಲ್ಲಿ, 2003ರಲ್ಲಿ, ವಿಟಾಲಿ ಕ್ಲಿಚ್ಕೋ ಮುಖಕ್ಕೆ ಆದ ಗಾಯದಿಂದಾಗಿ ಗೆದ್ದು, ಮರುವರ್ಷ ಆಟ ಬಿಟ್ಟ. ಬಿಡುವ ಸಮಯ ಆರಿಸಿಕೊಳ್ಳುವ ಅನುಕೂಲ ಜೋಗೆ ಇರಲಿಲ್ಲ.

ನನ್ನ ಲೆಕ್ಕ ಇಷ್ಟು: ಫೋರ್‌ಮನ್, ಅವನ ಬೆನ್ನಿಗೇ ವಾಲ್ಕಾಟ್, ಆಮೇಲೆ 1978ರ ಅಲಿ, ಹೋಮ್ಸ್. ಜೋ ಲೂಯಿಸ್‌ನನ್ನು ಸಾಲಿನಲ್ಲಿ ಎಲ್ಲೂ ನಿಲ್ಲಿಸೋಕೆ ನನಗೆ ಮನಸ್ಸಿಲ್ಲ. ವಾಲ್ಕಾಟ್–ಮಾರ್ಸಿಯಾನೋ ಪಂದ್ಯ ಪೂರ್ತಿ ನೋಡು, ಕೊನೆಯ ಏಟನ್ನು ಮಾತ್ರ ಅಲ್ಲ. ನೋಡಿ ಫೋನ್ ಮಾಡು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ