ಕ್ಲಿಪ್ ಹಾಕಿದ ಹಲ್ಲು: ಬೇರು ಸವೆತಕ್ಕೆ ಮಾತ್ರೆ ಇಲ್ಲ

ಮಾನ್ಯರೇ,

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳ ಎಕ್ಸ್‌ರೇಯಲ್ಲಿ ಬೇರು ಗಿಡ್ಡವಾಗಿದೆ ಎಂದು ಗೊತ್ತಾದೊಡನೆ ಪೋಷಕರು ‘ಇದಕ್ಕೆ ಮಾತ್ರೆ ಇಲ್ಲವೇ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಬೇರು ಕರಗುವುದನ್ನು ತಡೆಯಲು ಮಾನ್ಯತೆ ಪಡೆದ ಔಷಧ ಇನ್ನೂ ಇಲ್ಲ. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಸವೆದ ಬೇರು ಮತ್ತೆ ಉದ್ದವಾಗುವುದಿಲ್ಲ.

ಪ್ರಯೋಗಗಳೇನೋ ನಡೆದಿವೆ. ಬಿಸ್ಫಾಸ್ಫೊನೇಟ್, ಡಾಕ್ಸಿಸೈಕ್ಲಿನ್, ಥೈರಾಕ್ಸಿನ್ ಕೊಟ್ಟ ಇಲಿಗಳಲ್ಲಿ ಸವೆತ ತಗ್ಗಿದ್ದುಂಟು. ಆದರೆ ಹಲ್ಲು ಸರಿಯಬೇಕಾದರೆ ಅದರ ಮುಂದಿನ ಮೂಳೆ ಕರಗಲೇಬೇಕು. ಮೂಳೆ ತಿನ್ನುವ ಕೋಶ, ಬೇರು ತಿನ್ನುವ ಕೋಶ ಎರಡೂ ಹತ್ತಿರದ ನೆಂಟರು. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಎರಡನ್ನೂ ಕಟ್ಟಿಹಾಕುವುದರಿಂದ ಹಲ್ಲು ಕದಲದೆ ಚಿಕಿತ್ಸೆ ಎಳೆಯುತ್ತದೆ. ಅದು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ದವಡೆಯ ಮೂಳೆ ಸಾಯುವ ಅಪಾಯವೂ ಇದೆ. ಇದೇ ಗುಂಪಿನ ಅಲೆಂಡ್ರೊನೇಟ್ ಮಾತ್ರೆ ನುಂಗುತ್ತಿರುವ ಹಿರಿಯರು ಕ್ಲಿಪ್ ಹಾಕಿಸುವ ಮೊದಲೇ ಅದನ್ನು ತಿಳಿಸಲೇಬೇಕು. ತಂತಿ ಬಿಗಿದ ದಿನದ ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಬೇರು ಸವೆಯುವುದು ಹೆಚ್ಚಾಗಿ ಒತ್ತಡದಿಂದ. ತಂತಿ ಜೋರಾಗಿ ಎಳೆದಾಗ ಬೇರನ್ನು ಸುತ್ತಿರುವ ನಾರಿನ ಪದರಕ್ಕೆ ರಕ್ತ ಹರಿಯದೆ ಅಲ್ಲಲ್ಲಿ ಸಾಯುತ್ತದೆ. ಆ ಸತ್ತ ಭಾಗವನ್ನು ತೆರವು ಮಾಡಲು ಬಂದ ಕೋಶಗಳು ಬೇರಿನ ಹೊದಿಕೆಯನ್ನೂ ಕೆರೆಯುತ್ತವೆ. ಹಲ್ಲನ್ನು ದವಡೆಯೊಳಕ್ಕೆ ಒತ್ತುವಾಗ ಒಂದು ಹಲ್ಲಿಗೆ 10ರಿಂದ 20 ಗ್ರಾಂ ಬಲ ಸಾಕು. ಮೇಲಿನ ಬಾಚಿಹಲ್ಲುಗಳು, ಹಿಂದೆ ಏಟು ತಿಂದ ಹಲ್ಲು, ತುದಿ ಸಣ್ಣಗಾಗಿ ಬಾಗಿದ ಬೇರು ಇವಕ್ಕೆ ಅಪಾಯ ಹೆಚ್ಚು. ಚಿಕಿತ್ಸೆ ಉದ್ದವಾದಷ್ಟೂ ಸವೆತ ಕೂಡುತ್ತದೆ.

ಸವೆಯುವಾಗ ನೋವಿರುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಮೊನಚಾಗಿರಬೇಕಾದ ತುದಿ ತೇದ ಸೀಮೆಸುಣ್ಣದಂತೆ ಮೊಂಡಾಗಿ ಕಾಣುತ್ತದೆ. ಆದ್ದರಿಂದ ಆರಂಭಕ್ಕೆ ಮುಂಚೆ ಒಂದು, 6ರಿಂದ 9 ತಿಂಗಳ ನಡುವೆ ಮುಂದಿನ ಹಲ್ಲುಗಳ ಇನ್ನೊಂದು ಎಕ್ಸ್‌ರೇ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ತುದಿ ಮೊಂಡಾಗಿದ್ದರೆ 2–3 ತಿಂಗಳು ಎಳೆತವಿಲ್ಲದ ತಂತಿ ಹಾಕಿ ಬಿಡುವು ಕೊಡಬೇಕು. ಆಗ ಸವೆದ ಗುಳಿಗಳ ಮೇಲೆ ಹೊಸ ಹೊದಿಕೆ ಕೂರುತ್ತದೆ, ಕಳೆದ ಉದ್ದ ಮರಳುವುದಿಲ್ಲ. ಸವೆತ ಬೇರಿನ ಉದ್ದದ ಮೂರನೇ ಒಂದು ಭಾಗ ದಾಟಿದ್ದರೆ ಹಲ್ಲು ಪೂರ್ತಿ ನೇರವಾಗುವ ಆಸೆ ಬಿಟ್ಟು ಬೇಗ ಮುಗಿಸುವುದೇ ಲೇಸು. ಕ್ಲಿಪ್ ತೆಗೆದ ಮೇಲೆ ಈ ಸವೆತ ಸಾಮಾನ್ಯವಾಗಿ ನಿಲ್ಲುತ್ತದೆ.

ಎಷ್ಟೋ ಕಡೆ ಈ ಎರಡನೇ ಎಕ್ಸ್‌ರೇ ತೆಗೆಯುವುದೇ ಇಲ್ಲ. ಪೋಷಕರು ಮುಂಗಡ ಕಟ್ಟುವ ದಿನವೇ ಅದರ ತಿಂಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ.

– ದಂತವೈದ್ಯರು, ದಾವಣಗೆರೆ