ಗುಲ್ಮಾರ್ಗ್‌ಗೆ ಹೊರಡೋರು ಓದ್ರಿ: ಬೀಕನ್, ಸ್ಕಿನ್, ಎತ್ತರ

ಎಲ್ಲರಿಗೂ ಶರಣು. ಕಲಬುರಗಿ, ಬೀದರ್‌ನಿಂದ ಸ್ಕೀ ಮಾಡಲಿಕ್ಕೆ ಹೊರಡೋರು ಇವತ್ತೇ ಬೀಕನ್ (ಹಿಮ ಕುಸಿದು ಹುಗಿದವರನ್ನ ಹುಡುಕಲಿಕ್ಕೆ ಸಿಗ್ನಲ್ ಕಳಿಸೋ, ಹಿಡಿಯೋ ಯಂತ್ರ) ತೆಗೆದು ನೋಡ್ರಿ. ಮೂರು ಆಂಟೆನಾದ್ದೇ ಇರಲಿ. ಹೊಸ ಆಲ್ಕಲೈನ್ ಸೆಲ್ ಹಾಕ್ರಿ. ರೀಚಾರ್ಜ್ ಸೆಲ್ ಬ್ಯಾಡ, ಎಷ್ಟು ಉಳಿದದ ಅಂತ ಬೀಕನ್ ಸರಿಯಾಗಿ ತೋರಿಸಂಗಿಲ್ಲ. ಮೊಬೈಲ್ ಅದರಿಂದ 20 ಸೆಂ.ಮೀ. ದೂರ, ಹುಡುಕುವಾಗ 50.

ಸಲಿಕೆ ಲೋಹದ್ದು, ಪ್ರೋಬ್ (ಹಿಮದಾಗ ಚುಚ್ಚಿ ಹುಡುಕೋ ಕೋಲು) 240 ಸೆಂ.ಮೀ.ಗೆ ಕಡಿಮೆ ಇರಬಾರದು. ಗೈಡ್ ಹತ್ರ ಅದಲ್ಲ ಅನ್ನಬ್ಯಾಡ್ರಿ. ಹಿಮದಾಗ ಹುಗಿದವರು ಉಳಿಯೋದು ಬಹಳ ಮಟ್ಟಿಗೆ ಮೊದಲ 10-15 ನಿಮಿಷದ ಮಾತು, ಹುಗಿದವರು ಗೈಡೇ ಆಗಿರಬಹುದು.

ಏರಲಿಕ್ಕೆ ಸ್ಕೀ ಅಡಿಗೆ ಅಂಟಿಸೋ ಸ್ಕಿನ್ ನಮ್ಮ ಬಿಸಿಲಾಗ ಕಾರಿನೊಳಗ ಬಿಡಬ್ಯಾಡ್ರಿ, ಅಂಟು ಕರಗಿ ಸ್ಕೀಗೆ ಹತ್ತತದ. ಜಾಳಿಗೆ ಹಾಳೆ ನಡುವ ಇಟ್ಟು ಮಡಚಿ, ತಂಪು ಜಾಗದಾಗ ಇಡ್ರಿ. ಅಲ್ಲಿ ಉಲ್ಟಾ: ಬಿಚ್ಚಿದ ಸ್ಕಿನ್ ಜಾಕೆಟ್ ಒಳಗ ಬೆಚ್ಚಗಿಡ್ರಿ, ತಣ್ಣಗಾದ್ರ, ಹಿಮ ಮೆತ್ತಿದ್ರ ಅಂಟಂಗಿಲ್ಲ.

ಕಲಬುರಗಿ ಎತ್ತರ ಸುಮಾರು 450 ಮೀಟರ್, ಗುಲ್ಮಾರ್ಗ್ 2,650, ಅಲ್ಲಿಯ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ 3,900ರ ಮ್ಯಾಲೆ. ಮೊದಲ ದಿನ ಕೆಳಗೇ ಇರ್ರಿ. ತಲೆನೋವು, ವಾಂತಿ ಬಂದ್ರ ಮುಚ್ಚಿಡದೆ ಗೈಡ್‌ಗೆ ಹೇಳ್ರಿ.

30 ಡಿಗ್ರಿ ದಾಟಿದ ಇಳಿಜಾರಿನಾಗ ಒಬ್ಬೊಬ್ಬರೇ ಇಳೀಬೇಕು. ಉಳಿದವರು ಗೈಡ್ ತೋರಿಸಿದ ಜಾಗದಾಗ ನಿಂತು ಅವರ ಮ್ಯಾಲೆ ಕಣ್ಣಿಡ್ರಿ.